ಬ್ಲೂಫೀಲ್ಡಿನಿಂದ ಕಲಕತ್ತೆಗೆ: ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್

ಷಾರ್ಲೆಟ್ಟಿನಲ್ಲಿ ನೆಲೆಸಿರುವ ನಮ್ಮಲ್ಲಿ ಹಳಬರಿಗೆಲ್ಲ ಐ-77 ಹೆದ್ದಾರಿ ಚಿರಪರಿಚಿತ. ಈ ಊರಿನಲ್ಲಿ ಇಷ್ಟೊಂದು ದೇವಸ್ಥಾನಗಳಿಲ್ಲದ ಕಾಲದಲ್ಲಿ ಮಗುವಿನ ಚೌಲಕ್ಕೋ, ಹೊತ್ತ ಹರಕೆ ತೀರಿಸಲಿಕ್ಕೋ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ಸನ್ನಿಧಿಗೆ ಹೋಗಬೇಕಾದರೆ ಇದೇ ನಮ್ಮ ದಾರಿಯಾಗಿತ್ತು. ಬೆಳಗಿನ ಜಾವ ಎದ್ದು, ಪುಳಿಯೋಗರೆ ಮೊಸರನ್ನದ ಡಬ್ಬಿಗಳನ್ನು ಕಾರಿನಲ್ಲಿಟ್ಟು, ನಿದ್ದೆಗಣ್ಣಿನ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೊರಟರೆ, ಫ್ಯಾನ್ಸಿ ಗ್ಯಾಪಿನ ಘಟ್ಟ ಹತ್ತಿ, ಎರಡು ಸುರಂಗಗಳನ್ನು ದಾಟುತ್ತಿದ್ದೆವು. ಎರಡನೆಯದು ಒಂದು ಮೈಲಿಗೂ ಮೀರಿದ ಉದ್ದದ ಈಸ್ಟ್ ರಿವರ್ ಬೆಟ್ಟದ ಸುರಂಗ. ಅದರ ಒಳಗೆ ಹೊಕ್ಕಾಗ ವರ್ಜೀನಿಯಾ, ಹೊರಗೆ ಬಂದಾಗ ವೆಸ್ಟ್ ವರ್ಜೀನಿಯಾ. ಬೆಳಕಿಗೆ ಬಂದೊಡನೆ ಸಿಗುವ ಊರೇ ಬ್ಲೂಫೀಲ್ಡ್. ಅಲ್ಲಿ ಕಾರಿಗೆ ಪೆಟ್ರೋಲು, ನಮಗೆ ಕಾಫಿ, ಮಕ್ಕಳಿಗೆ ಕಾಲು ಬಿಡಿಸಿಕೊಳ್ಳಲು ಹತ್ತು ನಿಮಿಷ. ಎಷ್ಟೋ ವರ್ಷ ಆ ಊರು ನಮಗೆ ಅಷ್ಟೇ ಆಗಿತ್ತು.

ಆ ಊರಿನಲ್ಲಿ ಬೆಳೆದ ಒಬ್ಬ ಮಹಾ ಕಲಾವಿದರು ನಮ್ಮ ಭಾರತದ ಮಣ್ಣಿನಲ್ಲಿ ಕೊನೆಯುಸಿರೆಳೆದರೆಂಬ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ. ಅವರೇ ಜಾಸ್ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್. ನಾವೆಲ್ಲ ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳನ್ನು ಬಿಟ್ಟು ಇತ್ತ ಬಂದವರು. ಅವರು ನಾವು ಹುಟ್ಟುವುದಕ್ಕೂ ಮೊದಲೇ ಇಲ್ಲಿಂದ ಹೊರಟು ಶಾಂಘೈ, ಮುಂಬಯಿ, ಕೊಲಂಬೊ, ಕಲಕತ್ತೆಗಳಲ್ಲಿ ಬಾಳಿದವರು. ಸಂಘದ ಹುಟ್ಟುಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಹಾಗೆಯೇ ಪರದೇಶಿಯಾಗಿ ಬದುಕಿದ ಅವರ ಕಥೆಯನ್ನು ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ವೆದರ್‌ಫರ್ಡ್ ಹುಟ್ಟಿದ್ದು 1903ನೇ ಇಸವಿ ಅಕ್ಟೋಬರ್ 11ರಂದು, ಬ್ಲೂಫೀಲ್ಡಿಗೆ ಸಮೀಪದ, ವರ್ಜೀನಿಯಾಕ್ಕೆ ಸೇರಿದ ಪೋಕಾಹಾಂಟಸ್ ಎಂಬ ಪುಟ್ಟ ಊರಿನಲ್ಲಿ. ಕಲ್ಲಿದ್ದಲಿಗಾಗಿಯೇ ಹುಟ್ಟಿದ ಊರು ಅದು. ಅಲ್ಲಿಯ ಕಲ್ಲಿದ್ದಲ ಪದರ 13 ಅಡಿ ದಪ್ಪ; ಆಳೆತ್ತರದ ಮನುಷ್ಯ ಬಗ್ಗದೆ ನಿಂತು ಕೆಲಸ ಮಾಡಬಹುದಾದಷ್ಟು. 1880ರ ದಶಕದ ಆರಂಭದಲ್ಲಿ ಗಣಿ ತೆರೆಯಿತು, ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲು ಬಂದಿತು, 1884ರಲ್ಲಿ ಗಣಿ ಸಿಡಿದು ನೂರಕ್ಕೂ ಹೆಚ್ಚು ಜನ ಒಳಗೇ ಸತ್ತರು. ಅದೇ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ ಭೂಮಿಯನ್ನು ಅಗೆಯಲು ಶುರುಮಾಡಿತ್ತು. ಕೆ.ಜಿ.ಎಫ್. ಕಂಡವರಿಗೆ ಪೋಕಾಹಾಂಟಸ್ ಹೇಗಿದ್ದಿರಬೇಕೆಂದು ಹೇಳಬೇಕಾಗಿಲ್ಲ. ಅಲ್ಲಿ ತಮಿಳರು, ತೆಲುಗರು, ಕನ್ನಡಿಗರು, ಆಂಗ್ಲೋ-ಇಂಡಿಯನ್ನರು. ಇಲ್ಲಿ ಹಂಗೇರಿಯಿಂದ ಬಂದವರು, ಇಟಲಿಯಿಂದ ಬಂದವರು, ದಕ್ಷಿಣದ ರಾಜ್ಯಗಳಿಂದ ಹೊಟ್ಟೆಪಾಡಿಗಾಗಿ ಬಂದ ಕಪ್ಪು ಜನರು. ಪೋಕಾಹಾಂಟಸ್ ಗಣಿಯ ಒಂದು ಭಾಗವನ್ನು 1938ರಲ್ಲಿಯೇ ಪ್ರವಾಸಿಗರಿಗೆ ತೆರೆದು ತೋರಿಸಲು ಆರಂಭಿಸಿದರು.

ಟೆಡ್ಡಿ ಬೆಳೆದದ್ದು ರೈಲ್ವೆ ಪಟ್ಟಣವಾದ ಬ್ಲೂಫೀಲ್ಡಿನಲ್ಲಿ. ಮುಂದೆ ನೊಬೆಲ್ ಪಾರಿತೋಷಕ ಪಡೆದ ಗಣಿತಜ್ಞ ಜಾನ್ ನ್ಯಾಶ್ 1928ರಲ್ಲಿ ಹುಟ್ಟಿದ ಊರೂ ಇದೇ. ಆದರೆ ಆ ಕಾಲದಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕರಿಯರ ಮಕ್ಕಳಿಗೆ ಬೇರೊಂದು ಶಾಲೆ. ಕರಿಯರಿಗಾಗಿಯೇ 1895ರಲ್ಲಿ ಸ್ಥಾಪನೆಯಾದ ಬ್ಲೂಫೀಲ್ಡ್ ಕಲರ್ಡ್ ಇನ್‌ಸ್ಟಿಟ್ಯೂಟ್ ಇಂದು ಬ್ಲೂಫೀಲ್ಡ್ ಸ್ಟೇಟ್ ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ. ಒಂದೇ ಊರಿನ ಎರಡು ಪ್ರತಿಭೆಗಳು ಎರಡು ಬೇರೆ ಬಾಗಿಲುಗಳಿಂದ ಹೊರಗೆ ಹೋಗಬೇಕಾಗಿದ್ದ ಕಾಲ ಅದು.

1915ರಲ್ಲಿ, ಹನ್ನೆರಡು ವರ್ಷ ತುಂಬುವ ಹೊತ್ತಿಗೆ, ಟೆಡ್ಡಿ ನ್ಯೂ ಆರ್ಲಿಯನ್ಸ್ ಸೇರಿದರು. ಮುಂದಿನ ಐದು ವರ್ಷ ಅಲ್ಲಿಯೇ. ಜಾಸ್ ಎಂಬ ಸಂಗೀತದ ತವರೂರಿನಲ್ಲಿ, ಆ ಸಂಗೀತ ಇನ್ನೂ ಎಳೆಗೂಸಾಗಿದ್ದಾಗ, ಅವರು ಪಿಯಾನೋ ಕಲಿತರು. ಜಾಸ್ ಎಂದರೆ ಬರಿಯ ಗದ್ದಲವೆಂದು ನಮ್ಮಲ್ಲಿ ಕೆಲವು ಹಿರಿಯರು ಮೂಗು ಮುರಿಯುವುದುಂಟು. ನಮ್ಮ ಸಂಗೀತದ ಪರಿಚಯವಿದ್ದವರಿಗೆ ಅದು ಅಷ್ಟೇನೂ ಪರಕೀಯವಾಗಬೇಕಾಗಿಲ್ಲ. ಕೃತಿಯೊಂದನ್ನು ಎತ್ತಿಕೊಂಡು, ತಾಳ ತಪ್ಪದೆ, ವಾದಕನು ತನ್ನ ಮನೋಧರ್ಮದಂತೆ ಆ ಕ್ಷಣದಲ್ಲಿ ಹೊಸದನ್ನು ಕಟ್ಟುತ್ತ ಹೋಗುವುದು, ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರು ಅದನ್ನು ಮುಂದುವರಿಸುವುದು, ಕೊನೆಗೆ ಎಲ್ಲರೂ ಮೊದಲ ಎತ್ತುಗಡೆಗೆ ಹಿಂತಿರುಗುವುದು: ಕಲ್ಪನಾಸ್ವರಕ್ಕೂ ತನಿ ಆವರ್ತನಕ್ಕೂ ಕಿವಿಗೊಟ್ಟವರಿಗೆ ಇದರ ಸೊಗಸು ತಿಳಿಯದೆ ಇರಲಾರದು.

ಪಿಯಾನೋದಲ್ಲಿ ಅಂದಿನ ಪ್ರಸಿದ್ಧ ಶೈಲಿಗೆ ಸ್ಟ್ರೈಡ್ ಎಂದು ಹೆಸರು. ಎಡಗೈ ಮೃದಂಗದ ಕೆಲಸ ಮಾಡುತ್ತದೆ. ಒಂದು ಪೆಟ್ಟಿಗೆ ಕೆಳಗಿನ ಮಂದ್ರ ಸ್ವರವನ್ನು ಮುಟ್ಟಿ, ಮರುಪೆಟ್ಟಿಗೆ ಮೇಲಿನ ಸ್ವರಗುಚ್ಛಕ್ಕೆ ಜಿಗಿಯುತ್ತದೆ. ಬಲಗೈ ಹಾಡುತ್ತದೆ. ಒಬ್ಬನೇ ಕುಳಿತು ಇಡೀ ವಾದ್ಯಗೋಷ್ಠಿಯ ಕೆಲಸ ಮಾಡುವ ವಿದ್ಯೆ ಇದು. ವೆದರ್‌ಫರ್ಡ್ ಅವರ ಎರಡೂ ಕೈಗಳಿಗೆ ಈ ಬಲವಿತ್ತು. ಅದರ ಮೇಲೆ ಅವರು ಎಡಗೈಯ ಓಟವನ್ನು ಬೇಕೆಂದಾಗ ಮುರಿದು, ಬಲಗೈಯೊಡನೆ ಜಗಳವಾಡಿಸಿ, ಮತ್ತೆ ಸರಿಯಾದ ಪೆಟ್ಟಿಗೆ ತಂದು ಕೂಡಿಸುತ್ತಿದ್ದರು.

1920ರ ದಶಕದ ಆರಂಭದಲ್ಲಿ ಅವರು ಶಿಕಾಗೋಗೆ ಬಂದರು. ಅಲ್ಲಿಯ ವೆಂಡೋಮ್ ಚಿತ್ರಮಂದಿರದಲ್ಲಿ ಅರ್ಸ್ಕಿನ್ ಟೇಟ್ ಎಂಬವರ ವಾದ್ಯವೃಂದವಿತ್ತು. ಅದು ಮೂಕಿ ಚಿತ್ರಗಳ ಕಾಲ. ನಮ್ಮ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಮೇಷ್ಟ್ರು ರಂಗದ ಮೇಲೊಂದು ಕಣ್ಣಿಟ್ಟು ಸ್ವರ ಹಿಡಿಯುತ್ತಿದ್ದಂತೆ, ಪರದೆಯ ಮೇಲಿನ ಅಳುವಿಗೂ ಓಟಕ್ಕೂ ತಕ್ಕ ಹಾಗೆ ವಾದ್ಯಗಾರರು ನುಡಿಸಬೇಕು. ನಡುವೆ ತಮ್ಮದೇ ಕಚೇರಿಯನ್ನೂ ಕೊಡಬೇಕು. ಆ ಕಚೇರಿ ಕೇಳುವುದಕ್ಕಾಗಿಯೇ ಜನ ಟಿಕೆಟು ಕೊಳ್ಳುತ್ತಿದ್ದರು. 1925ರ ಕೊನೆಯಲ್ಲಿ ಈ ವೃಂದಕ್ಕೆ ಲೂಯಿ ಆರ್ಮ್‌ಸ್ಟ್ರಾಂಗ್ ಸೇರಿದರು. 1926ರ ಮೇ ತಿಂಗಳಲ್ಲಿ ಟೇಟ್ ವೃಂದ ಮುದ್ರಿಸಿದ ಎರಡು ಹಾಡುಗಳ ಗ್ರಾಮಫೋನ್ ತಟ್ಟೆಯಲ್ಲಿ ಆರ್ಮ್‌ಸ್ಟ್ರಾಂಗರ ಕಹಳೆಯ ಜೊತೆಗೆ ವೆದರ್‌ಫರ್ಡರ ಪಿಯಾನೋ ಇದೆ. ನೂರು ವರ್ಷಗಳ ಹಿಂದಿನ ಆ ಮುದ್ರಣದ ಕರಕರ ಸದ್ದಿನ ನಡುವೆಯೂ ಅವರ ಬೆರಳುಗಳ ಚುರುಕು ಇಂದಿಗೂ ಕಿವಿಗೆ ಬೀಳುತ್ತದೆ.

ಆಗ ಶಿಕಾಗೋದಲ್ಲಿ ಇನ್ನೊಬ್ಬ ತರುಣ ಪಿಯಾನೋ ವಾದಕರಿದ್ದರು. ಅವರ ಹೆಸರು ಅರ್ಲ್ ಹೈನ್ಸ್. ಅವರೂ 1903ರಲ್ಲಿಯೇ ಹುಟ್ಟಿದವರು. ಹುಟ್ಟೂರು ಪಿಟ್ಸ್‌ಬರ್ಗಿನ ಬಳಿಯ ಡುಕೇನ್. ನಾವು ದೇವರ ದರ್ಶನಕ್ಕೆ ಹೋಗುವ ದಾರಿಯ ನಡುವೆ ಒಬ್ಬರ ಊರು, ಕೊನೆಯಲ್ಲಿ ಇನ್ನೊಬ್ಬರ ಊರು! ಹೈನ್ಸ್ ಶಿಕಾಗೋಗೆ ಬಂದಾಗ ಅಲ್ಲಿ ಹೆಸರು ಮಾಡಿದ್ದವರು ವೆದರ್‌ಫರ್ಡ್. ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದದ್ದು ಅವರನ್ನು. ಅಷ್ಟರಲ್ಲಿ ವೆದರ್‌ಫರ್ಡ್ ಹಡಗು ಹತ್ತಿದರು.

1926ರಲ್ಲಿ ಜಾಕ್ ಕಾರ್ಟರ್ ಎಂಬ ಡ್ರಮ್ ವಾದಕರ ತಂಡದೊಡನೆ ಅವರು ಪೂರ್ವದೇಶಗಳಿಗೆ ಹೊರಟರು. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸು. ನಮ್ಮಲ್ಲಿ ಬಹುಮಂದಿ ಪೆಟ್ಟಿಗೆ ಕಟ್ಟಿದ ವಯಸ್ಸೂ ಅದೇ. ಅಂದಿನ ಅಮೆರಿಕದಲ್ಲಿ ಕರಿಯ ಕಲಾವಿದ ಎಷ್ಟೇ ಚೆನ್ನಾಗಿ ನುಡಿಸಲಿ, ದಕ್ಷಿಣದ ಹೋಟೆಲುಗಳಲ್ಲಿ ನುಡಿಸಿದ ಮೇಲೆ ಅಲ್ಲಿಯೇ ಉಣ್ಣುವ, ಮಲಗುವ ಹಕ್ಕು ಅವನಿಗೆ ಇರಲಿಲ್ಲ. ಪೂರ್ವದ ಬಂದರುಗಳಲ್ಲಾದರೋ ಕೈತುಂಬ ಸಂಬಳ, ಒಳ್ಳೆಯ ಬಿಡಾರ, ಹೋದಲ್ಲೆಲ್ಲ ಮಾನ. ಮರುವರ್ಷವೇ ಹಾಲಿವುಡ್ಡಿನಲ್ಲಿ ಮಾತಾಡುವ ಚಿತ್ರಗಳು ಬಂದು ಮೂಕಿಚಿತ್ರ ಮಂದಿರಗಳ ಸಾವಿರಾರು ವಾದ್ಯಗಾರರು ಕೆಲಸ ಕಳೆದುಕೊಂಡದ್ದನ್ನು ನೆನೆದರೆ, ಸಮಯವನ್ನೂ ಅವರು ಸರಿಯಾಗಿಯೇ ಆರಿಸಿದ್ದರೆನ್ನಬೇಕು.

ಅಂದಿನ ಶಾಂಘೈ ಪೂರ್ವದ ಪ್ಯಾರಿಸ್ ಎನಿಸಿಕೊಂಡಿತ್ತು. ಬ್ರಿಟಿಷರು, ಫ್ರೆಂಚರು, ಅಮೆರಿಕನ್ನರು, ರಷ್ಯಾದಿಂದ ಓಡಿಬಂದವರು, ಶ್ರೀಮಂತ ಚೀನೀಯರು ಎಲ್ಲರಿಗೂ ರಾತ್ರಿಯಾದರೆ ಕುಣಿತ ಬೇಕು. ಕುಣಿತಕ್ಕೆ ಜಾಸ್ ಬೇಕು. ವೆದರ್‌ಫರ್ಡ್ ಅಲ್ಲಿ ಬೇಗನೆ ತಮ್ಮದೇ ತಂಡಗಳನ್ನು ಕಟ್ಟಿದರು. ಒಂದೇ ರಾತ್ರಿಯಲ್ಲಿ ಒಂದು ನೃತ್ಯಮಂದಿರದಿಂದ ಇನ್ನೊಂದಕ್ಕೆ ಓಡಾಡಿ ನುಡಿಸುವಷ್ಟು ಬೇಡಿಕೆ. 1933ರಲ್ಲಿ ಶಾಂಘೈಗೆ ಬಂದ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರಿಗೆ ವೆದರ್‌ಫರ್ಡ್ ಆತಿಥ್ಯ ನೀಡಿದರು. ಊರಿನಲ್ಲಿ ಎಲ್ಲರಿಗೂ ಬೇಕಾಗಿದ್ದ ಈ ದೊಡ್ಡ ಮೈಕಟ್ಟಿನ, ನಗುಮುಖದ ಮನುಷ್ಯನ ವಿಷಯವನ್ನು ಹ್ಯೂಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

1934ರಲ್ಲಿ ವೆದರ್‌ಫರ್ಡ್ ಅಮೆರಿಕಕ್ಕೆ ಒಮ್ಮೆ ಬಂದರು. ಬಂದದ್ದು ನೆಲೆಸಲಿಕ್ಕಲ್ಲ, ಜನ ಕರೆದೊಯ್ಯಲಿಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಬಕ್ ಕ್ಲೇಟನ್ ಎಂಬ ಯುವ ಕಹಳೆಗಾರನ ಹದಿನಾಲ್ಕು ಜನರ ತಂಡವನ್ನು ಒಪ್ಪಿಸಿ, ಶಾಂಘೈಯ ಕ್ಯಾನಿಡ್ರೋಮ್ ನೃತ್ಯಮಂದಿರಕ್ಕೆ ಕರೆದುಕೊಂಡು ಹೋದರು. ಬೆಂಗಳೂರಿನಲ್ಲಿ ಜನ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ನೋಡಿದ ವರ್ಷ ಅದು. ತಾವು ಮೊದಲು ಹೋಗಿ ಕಾಲೂರಿ, ಹಿಂದಿನಿಂದ ನಂಟರಿಷ್ಟರನ್ನು ಕರೆಸಿಕೊಳ್ಳುವ ನಮ್ಮ ಪದ್ಧತಿಯಂತೆಯೇ ಇತ್ತು ಇದು. ಆದರೆ ಊರಿನ ಹೊಲಸು ಹಡಗು ಹತ್ತಿ ಹಿಂದೆಯೇ ಬರುತ್ತದೆ. ಶಾಂಘೈಯಲ್ಲಿದ್ದ ಬಿಳಿಯ ಅಮೆರಿಕನ್ನನೊಬ್ಬ ತೆಗೆದ ಜಗಳದಿಂದ ಕ್ಲೇಟನ್ ತಂಡ ಕ್ಯಾನಿಡ್ರೋಮಿನ ಕೆಲಸವನ್ನೇ ಕಳೆದುಕೊಂಡಿತು. ಕ್ಲೇಟನ್ ಅಮೆರಿಕಕ್ಕೆ ಮರಳಿ, ಕೌಂಟ್ ಬೇಸಿಯವರ ತಂಡ ಸೇರಿ ವಿಖ್ಯಾತರಾದರು. ವೆದರ್‌ಫರ್ಡ್ ಮರಳಲಿಲ್ಲ.

ಅವರ ಮುಂದಿನ ದಾರಿ ಭಾರತದತ್ತ ತಿರುಗಿತು. ಮುಂಬಯಿಯ ತಾಜ್ ಮಹಲ್ ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರಿನಲ್ಲಿ, ಅಂದರೆ ಟೆಡ್ಡಿ ಹುಟ್ಟಿದ ಎರಡು ತಿಂಗಳ ಮೇಲೆ. 1930ರ ದಶಕದ ನಡುವಿನಲ್ಲಿ ಅಲ್ಲಿ ಲಿಯಾನ್ ಆಬಿ, ಆಮೇಲೆ ಕ್ರಿಕೆಟ್ ಸ್ಮಿತ್ ಎಂಬ ಕರಿಯ ಅಮೆರಿಕನ್ನರ ತಂಡಗಳು ನುಡಿಸತೊಡಗಿದವು. ವೆದರ್‌ಫರ್ಡ್ ಸ್ಮಿತ್ ತಂಡವನ್ನು ಸೇರಿ, ಮುಂದೆ ಅದರ ನಾಯಕತ್ವವನ್ನೇ ವಹಿಸಿಕೊಂಡರು. 1937ರಲ್ಲಿ ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ಪ್ರದರ್ಶನದ ಕಾಲಕ್ಕೆ ಅಲ್ಲಿಗೆ ಹೋಗಿ ಸ್ವಿಂಗ್ ಎಂಬ ಕಂಪನಿಗಾಗಿ ಒಂಟಿ ಪಿಯಾನೋದ ಕೆಲವು ತಟ್ಟೆಗಳನ್ನು ಮುದ್ರಿಸಿಕೊಟ್ಟರು. ಯಾರ ಜೊತೆಯೂ ಇಲ್ಲದೆ, ತಮಗೆ ತೋಚಿದಂತೆ ನುಡಿಸಿದ ಅವರ ವಾದನ ನಮಗೆ ದೊರೆಯುವುದು ಇವುಗಳಲ್ಲಿಯೇ. ಅದೇ ಆಗಸ್ಟಿನಲ್ಲಿ ಜಪಾನೀಯರು ಶಾಂಘೈ ಮೇಲೆ ಬಿದ್ದರು. ಅವರು ಬಿಟ್ಟುಬಂದಿದ್ದ ಊರು ಯುದ್ಧಭೂಮಿಯಾಯಿತು. ವೆದರ್‌ಫರ್ಡ್ ಪೂರ್ವಕ್ಕೇ ಹಿಂತಿರುಗಿ, ಸಿಂಹಳದ ಕೊಲಂಬೊದಲ್ಲಿ ನುಡಿಸಿ, ಕೊನೆಗೆ ಕಲಕತ್ತೆಗೆ ಬಂದರು.

ಮುಂಬಯಿಯ ಈ ತಂಡಗಳಲ್ಲಿ ನಮ್ಮ ನೆರೆಯ ಗೋವೆಯ ಹುಡುಗರೂ ಇದ್ದರು. ಇಗರ್ಜಿಯ ಶಾಲೆಗಳಲ್ಲಿ ಪಿಟೀಲು, ಕಹಳೆ, ಸ್ವರಲಿಪಿ ಕಲಿತು ಬಂದಿದ್ದ ಅವರು ಬರೆದಿಟ್ಟದ್ದನ್ನು ಚಾಚೂ ತಪ್ಪದೆ ನುಡಿಸಬಲ್ಲವರಾಗಿದ್ದರು. ಬರೆಯದೆ ಇದ್ದದ್ದನ್ನು ನುಡಿಸುವ ಧೈರ್ಯ ಅವರಿಗೆ ಈ ಅಮೆರಿಕನ್ನರ ಪಕ್ಕದಲ್ಲಿ ಕುಳಿತಾಗ ಬಂದಿತು. ಅವರಲ್ಲಿ ಒಬ್ಬರು ಫ್ರ್ಯಾಂಕ್ ಫೆರ್ನಾಂಡ್. ಇವರು ಮುಂದೆ ಹಿಂದಿ ಚಿತ್ರಸಂಗೀತದಲ್ಲಿ ದುಡಿದು, 1963ರಲ್ಲಿ ಆಮ್ಚೆಂ ನೊಶೀಬ್ ಎಂಬ ಕೊಂಕಣಿ ಚಿತ್ರವನ್ನು ನಿರ್ಮಿಸಿದರು. ನಾವು ರೇಡಿಯೋ ಸಿಲೋನಿಗೆ ಕಿವಿಯಾನಿಸಿ ಕೇಳಿದ 1950ರ ದಶಕದ ಹಿಂದಿ ಹಾಡುಗಳಲ್ಲಿ ಥಟ್ಟನೆ ಕುಣಿದೇಳುವ ಕಹಳೆ, ಸ್ಯಾಕ್ಸೊಫೋನುಗಳ ಹಿಂದೆ ಇಂಥ ಗೋವೆಯ ವಾದ್ಯಗಾರರ ದುಡಿಮೆ ಇದೆ.

ಕಲಕತ್ತೆಯ ಚೌರಂಗಿಯಲ್ಲಿರುವ ಗ್ರ್ಯಾಂಡ್ ಹೋಟೆಲನ್ನು 1938ರಲ್ಲಿ ಮೋಹನ್ ಸಿಂಗ್ ಓಬೆರಾಯ್ ಗುತ್ತಿಗೆಗೆ ಹಿಡಿದಿದ್ದರು. ಯುದ್ಧ ಬಂದಾಗ ಅದು ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರಿಂದ ತುಂಬಿಹೋಯಿತು. ಅಲ್ಲಿ ವೆದರ್‌ಫರ್ಡ್ ಕಟ್ಟಿದ ತಂಡವನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ. ರಾಯ್ ಬಟ್ಲರ್ ಅವರಂಥ ಅಮೆರಿಕನ್ನರು, ಆಂಗ್ಲೋ-ಇಂಡಿಯನ್ನರು, ಗೋವೆಯವರು, ಜಪಾನೀಯರ ದಾಳಿಗೆ ಬರ್ಮಾ ಬಿಟ್ಟು ಬಂದ ರೂಬೆನ್ ಸಾಲೊಮನ್, ಸೆಡ್ರಿಕ್ ವೆಸ್ಟ್ ಅವರಂಥವರು, ನೇಪಾಳಿ ಮೂಲದ ಕಹಳೆಗಾರ ಜಾರ್ಜ್ ಬ್ಯಾಂಕ್ಸ್ ಇವರೆಲ್ಲ ಒಂದೇ ವೇದಿಕೆಯ ಮೇಲೆ ಕುಳಿತರು. ಹಡಗಿನಲ್ಲಿ ದುಡಿಯುತ್ತಿದ್ದ ಜಿಮ್ಮಿ ವಿದರ್‌ಸ್ಪೂನ್ ಎಂಬ ಯುವಕ ಕಲಕತ್ತೆಯಲ್ಲಿ ಈ ತಂಡದೊಡನೆ ಹಾಡಿದರು; ಅಮೆರಿಕಕ್ಕೆ ಮರಳಿ ಹೆಸರಾಂತ ಬ್ಲೂಸ್ ಗಾಯಕರಾದರು. ತಂಡದ ವಾದನ ಅಮೆರಿಕನ್ ಸೈನಿಕರ ರೇಡಿಯೋದಲ್ಲಿಯೂ ಪ್ರಸಾರವಾಗುತ್ತಿತ್ತು. ಅಸ್ಸಾಮಿನಿಂದ ಬರ್ಮಾಕ್ಕೆ ಲೇಡೊ ರಸ್ತೆಯನ್ನು ಕಡಿಯುತ್ತಿದ್ದ ಅಮೆರಿಕನ್ ಸೈನಿಕರಲ್ಲಿ ಬಹುಪಾಲು ಕರಿಯರು. ಅವರ ಸೈನ್ಯದಲ್ಲಿ ಬಿಳಿಯರಿಗೂ ಅವರಿಗೂ ಬೇರೆ ಬೇರೆ ಪಡೆ. ಅದನ್ನು ತೆಗೆಯುವ ಆಜ್ಞೆ ಹೊರಟದ್ದು 1948ರಲ್ಲಿ. ಆದರೆ ವೆದರ್‌ಫರ್ಡರ ವೇದಿಕೆಯ ಮೇಲೆ ಯಾವ ಬಣ್ಣದವರಿಗೂ ಬೇರೆ ಸಾಲು ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರಿಗೆ ಮಾನ ಸಿಕ್ಕಿದ್ದು ಪರರ ಆಳ್ವಿಕೆಯಲ್ಲಿದ್ದ ನಾಡಿನಲ್ಲಿ, ಆಳುವವರ ಹೋಟೆಲುಗಳಲ್ಲಿ. 1942ರಲ್ಲಿ ದೇಶವೆಲ್ಲ ಚಲೇಜಾವ್ ಎಂದು ಎದ್ದು ನಿಂತಿತ್ತು. 1943ರಲ್ಲಿ ಬಂಗಾಳದ ಬರಗಾಲಕ್ಕೆ ಇಪ್ಪತ್ತು ಮೂವತ್ತು ಲಕ್ಷ ಜನ ಬಲಿಯಾದರು. ಹಳ್ಳಿಗಳಿಂದ ಬಂದವರು ಕಲಕತ್ತೆಯ ಬೀದಿಗಳಲ್ಲಿ ಗಂಜಿಗಾಗಿ ಅಂಗಲಾಚುತ್ತ ಸತ್ತರು. ಒಳಗೆ ಸಂಗೀತ, ಹೊರಗೆ ಹಸಿವು. ಇದರ ದೋಷವನ್ನು ಪಿಯಾನೋ ಮುಂದೆ ಕುಳಿತವರ ತಲೆಗೆ ಕಟ್ಟಲಾಗದು. ಆದರೆ ಆ ಕಾಲದ ಚಿತ್ರ ಬಿಡಿಸುವಾಗ ಹೊರಗಿನ ಬೀದಿಯನ್ನು ಬಿಟ್ಟರೆ ಚಿತ್ರ ಸುಳ್ಳಾಗುತ್ತದೆ.

ಕಲಕತ್ತೆಯಲ್ಲಿ ಅವರು ಆಂಗ್ಲೋ-ಇಂಡಿಯನ್ ಮಹಿಳೆಯೊಬ್ಬರನ್ನು ಮದುವೆಯಾದರು; ಕೊಲಂಬಿಯಾ ಕಂಪನಿಗೆ ಹಲವು ತಟ್ಟೆಗಳನ್ನು ಮುದ್ರಿಸಿಕೊಟ್ಟರು. 1945ರ ಏಪ್ರಿಲ್ ತಿಂಗಳಲ್ಲಿ ಅವರಿಗೆ ಕಾಲರಾ ತಗಲಿತು. ಏಪ್ರಿಲ್ 25ರಂದು ತೀರಿಕೊಂಡರು. ವಯಸ್ಸು ನಲವತ್ತೊಂದು. ಯುದ್ಧ ಮುಗಿಯಲು ಇನ್ನು ನಾಲ್ಕು ತಿಂಗಳೂ ಉಳಿದಿರಲಿಲ್ಲ. ಕಾಲರಾ ಕೊಲ್ಲುವುದು ಮೈಯ ನೀರನ್ನೂ ಉಪ್ಪನ್ನೂ ಬಸಿದು. 1971ರಲ್ಲಿ, ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ, ಕಲಕತ್ತೆಯ ವೈದ್ಯ ದಿಲೀಪ್ ಮಹಲನೊಬಿಸ್ ಅವರು ನೀರಿಗೆ ಉಪ್ಪು ಮತ್ತು ಗ್ಲುಕೋಸ್ ಬೆರೆಸಿ ಕುಡಿಸಿಯೇ, ಶೇಕಡ 30ರ ವರೆಗೆ ಏರಿದ್ದ ಸಾವಿನ ಪ್ರಮಾಣವನ್ನು ಶೇಕಡ 4ಕ್ಕಿಂತ ಕೆಳಗಿಳಿಸಿ ತೋರಿಸಿದರು. ನಮ್ಮ ಸಂಘದ ವೈದ್ಯ ಮಿತ್ರರಿಗೆ ಈ ಕಥೆ ಗೊತ್ತು. ವೆದರ್‌ಫರ್ಡರಿಗೆ ಅದು ಇಪ್ಪತ್ತಾರು ವರ್ಷ ತಡವಾಯಿತು.

ಅರ್ಲ್ ಹೈನ್ಸ್ ಏನಾದರು? ಅವರು ಅಮೆರಿಕದಲ್ಲಿಯೇ ಉಳಿದರು. 1928ರಲ್ಲಿ ಆರ್ಮ್‌ಸ್ಟ್ರಾಂಗರೊಡನೆ ಅವರು ಮುದ್ರಿಸಿದ ತಟ್ಟೆಗಳು ಜಾಸ್ ಇತಿಹಾಸದ ಮೈಲಿಗಲ್ಲುಗಳಾದವು. ಅವರ ತಂಡದ ವಾದನ ಶಿಕಾಗೋದಿಂದ ರೇಡಿಯೋ ಮೂಲಕ ಮನೆಮನೆಗೂ ತಲುಪಿತು. 1983ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆಧುನಿಕ ಜಾಸ್ ಪಿಯಾನೋದ ಜನಕರೆಂದು ಜಗತ್ತೇ ಅವರನ್ನು ಒಪ್ಪಿಕೊಂಡಿತ್ತು. ವೆದರ್‌ಫರ್ಡ್ ಉಳಿದಿದ್ದರೆ ಆ ಗೌರವದಲ್ಲಿ ಪಾಲು ಪಡೆಯುತ್ತಿದ್ದರೇ? ಪಡೆಯುತ್ತಿದ್ದರೆಂದೇ ನಮ್ಮ ಎಣಿಕೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಇವರದು ಅದಕ್ಕಿಂತ ಕಷ್ಟದ ಸ್ಥಿತಿ. ಹುಟ್ಟಿದ ನಾಡು ಹೊರಟುಹೋದವನೆಂದು ಮರೆಯಿತು, ಹೋದ ನಾಡು ಹೊರಗಿನಿಂದ ಬಂದವನೆಂದು ಮರೆಯಿತು.

ಆದರೂ ಅವರು ಬಿಟ್ಟುಹೋದದ್ದು ಬರಿಯ ಕೆಲವು ತಟ್ಟೆಗಳಲ್ಲ. ಅವರ ತಂಡದ ಜಾರ್ಜ್ ಬ್ಯಾಂಕ್ಸ್ ತಮ್ಮ ಮಗನಿಗೆ ಆರ್ಮ್‌ಸ್ಟ್ರಾಂಗರ ನೆನಪಿಗೆ ಲೂಯಿ ಎಂದು ಹೆಸರಿಟ್ಟರು. ಆ ಮಗ ಪಿಯಾನೋ ವಾದಕ ಲೂಯಿಸ್ ಬ್ಯಾಂಕ್ಸ್. 1988ರಲ್ಲಿ ದೂರದರ್ಶನದಲ್ಲಿ ಬಂದ ಮಿಲೇ ಸುರ್ ಮೇರಾ ತುಮ್ಹಾರಾ ಗೀತೆಯ ಸಂಗೀತ ಸಂಯೋಜನೆಯಲ್ಲಿ ಅವರ ಕೈಯಿದೆ. ಊರಿನಿಂದ ಬಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ಅದನ್ನು ನೋಡುತ್ತ, ಭೀಮಸೇನ ಜೋಶಿಯವರ ದನಿ ಏರಿದೊಡನೆ ಕಣ್ಣು ಒರೆಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಗದಗಿನ ಆ ದನಿಗೂ ಬ್ಲೂಫೀಲ್ಡಿನ ಆ ಬೆರಳುಗಳಿಗೂ ನಡುವೆ ಇಂಥದೊಂದು ಎಳೆಯಿದೆಯೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

ಈ ಕಥೆಯಿಂದ ನಾವು ಕಲಿಯಬಹುದಾದದ್ದು ಒಂದಿದೆ. ವೆದರ್‌ಫರ್ಡ್ ಅವರ ಬಾಳಿನ ಬಗ್ಗೆ ಇಂದು ಇಷ್ಟಾದರೂ ತಿಳಿದಿದ್ದರೆ ಅದಕ್ಕೆ ಅವರ ಜೊತೆಯವರು ಬರೆದಿಟ್ಟದ್ದು, ತಟ್ಟೆ ಸಂಗ್ರಹಿಸುವ ಕೆಲವರು ಜೋಪಾನ ಮಾಡಿದ್ದು ಕಾರಣ. ಅವರ ಮಾತಿನಲ್ಲೇ ಅವರ ಕಥೆಯನ್ನು ಯಾರೂ ಕೂಡಿಸಿ ಬರೆದುಕೊಳ್ಳಲಿಲ್ಲ. ನಮ್ಮ ಸಂಘದ ಮೊದಲ ಯುಗಾದಿಗೆ ಯಾರ ಮನೆಯ ನೆಲಮಾಳಿಗೆಯಲ್ಲಿ ಸೇರಿದೆವು, ಹೋಳಿಗೆ ಯಾರು ಮಾಡಿ ತಂದರು, ಮಕ್ಕಳಿಗೆ ಅಆಇಈ ತಿದ್ದಿಸಿದವರು ಯಾರು, ಹಿರಿಯರು ಊರು ಬಿಟ್ಟ ದಿನ ಜೇಬಿನಲ್ಲಿ ಎಷ್ಟು ಡಾಲರ್ ಇತ್ತು: ಇವೆಲ್ಲ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಬರುವ ರಜೆಯಲ್ಲಿ ಒಂದು ಮಧ್ಯಾಹ್ನ ಅವರ ಮುಂದೆ ಕುಳಿತು, ಅವರ ಮಾತಿನಲ್ಲೇ ಬರೆದುಕೊಳ್ಳೋಣ.

ಮುಂದಿನ ಸಲ ಪಿಟ್ಸ್‌ಬರ್ಗಿಗೆ ಹೊರಟಾಗ ಸುರಂಗ ದಾಟಿದ ಮೇಲೆ ಕಾರಿನಲ್ಲಿ 1937ರ ಆ ಪ್ಯಾರಿಸ್ಸಿನ ಪಿಯಾನೋ ಹಾಕಿ, ಹಿಂದಿನ ಸೀಟಿನ ಮಕ್ಕಳಿಗೆ ಈ ಕಥೆಯನ್ನು ಹೇಳಬೇಕೆಂದು ನಾವು ನಿಶ್ಚಯಿಸಿದ್ದೇವೆ. ಬ್ಲೂಫೀಲ್ಡಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚುವ ಮೊದಲು, ಅದು ಯಾರ ಊರೆಂದು ಅವರಿಗೆ ತಿಳಿದಿರಲಿ.